ಚೌಡಿಕೆಯ ಎಡಗೈ



ಮಂಗಳೂರು ಅಂದಕೂಡಲೇ ಬಂದರು, ಬಂಗಡೆ ಮೀನು ನೆನಪಾದವರು ಸ್ವಲ್ಪ ತಡೆಯಬೇಕು. ನಾನು ಹೇಳುತ್ತಿರುವುದು ಕೊಪ್ಪಳ ಜಿಲ್ಲೆಯ ಮಂಗಳೂರು. ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿತ್ತು, ಈಗ ಕುಕನೂರು ತಾಲ್ಲೂಕು. ಇಟಗಿಯ ಮಹಾದೇವ ದೇವಾಲಯ ಇರುವ ಸೀಮೆ. ಈ ಸೀಮೆಯ ಊರುಗಳಲ್ಲಿ ಮಂಗಳವಾರವೋ ಶುಕ್ರವಾರವೋ ಬೆಳಗಿನ ಹೊತ್ತು, ಮನೆಯೊಳಗೆ ಕೂತವರಿಗೆ ಆಳು ಕಾಣುವ ಮೊದಲೇ ಓಣಿಯ ಆ ತುದಿಯಿಂದ ಒಂದು ದನಿ ಬಂದು ಮುಟ್ಟುತ್ತಿತ್ತು. ಡುಂವ್, ಡುಂವ್ವ್, ಡುಂವಾವ್. ಹಲಗೆಯ ಸದ್ದಲ್ಲ, ಡೊಳ್ಳಿನದೂ ಅಲ್ಲ. ಕೆಳಗಿನಿಂದ ಎದ್ದು, ಮೇಲಕ್ಕೆ ಜಾರಿ, ಅಲ್ಲಿ ಒಂದು ಗಳಿಗೆ ನಿಂತು, ಮತ್ತೆ ಕೆಳಗಿಳಿಯುವ ದನಿ. ಒಳಗಿದ್ದ ಹಿರಿಯರು ಮಕ್ಕಳನ್ನು ಕರೆದು, “ಅವ್ವನ ಜೋಗ ಬಂತು, ಮರದಾಗ ಒಂದೀಟು ಜ್ವಾಳ ತಗೊಂಡು ಬಾ” ಅನ್ನುತ್ತಿದ್ದರು. ಈಗಲೂ ಬರುತ್ತದೆ, ಆದರೆ ಅಪರೂಪ.

ಇವತ್ತಿನ ನನ್ನ ಮಾತು ಆ ದನಿ ಹೊರಡಿಸುವ ಚೌಡಿಕೆಯ ಬಗ್ಗೆ, ಎಲ್ಲಮ್ಮ ದೇವಿಯ ಹೆಸರಿನಲ್ಲಿ ಹಾಡುತ್ತಾ ತಿರುಗುವ ಜೋಗತಿಯರ ವಾದ್ಯದ ಬಗ್ಗೆ. ಎಲ್ಲಮ್ಮನ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಜೋಗತಿಯರ ಬದುಕಿನ ಮೇಲೆ ಸಂಶೋಧನೆ, ಸಮೀಕ್ಷೆ, ಸಿನಿಮಾ ಎಲ್ಲ ಆಗಿವೆ. ಅವರ ಕಂಕುಳಲ್ಲಿರುವ ವಾದ್ಯವನ್ನು ಮಾತ್ರ ಫೋಟೋದ ಮೂಲೆಯಲ್ಲಿ ಬಿಟ್ಟು ಮುಂದೆ ಹೋಗುತ್ತೇವೆ. ಜೋಗತಿಯನ್ನು ನೊಂದವಳೆಂದು ನೋಡಲು ಕಲಿತೆವು, ಅದು ಸರಿಯೇ. ಅವಳನ್ನು ವಾದ್ಯಗಾರ್ತಿಯೆಂದು ನೋಡಲು ಕಲಿಯಲಿಲ್ಲ ಅನ್ನುವುದು ನನ್ನ ತಕರಾರು.

ಚೌಡಿಕೆ ನೋಡಲು ದೊಡ್ಡದೇನಲ್ಲ. ಹೆಚ್ಚುಕಡಿಮೆ ಒಂದು ಅಡಿಯ, ಒಳಗೆ ಪೊಳ್ಳಾದ ಮರದ ಕೊಳಗ. ಒಂದು ಬಾಯಿಗೆ ಆಡಿನ ಚರ್ಮ ಬಿಗಿದಿರುತ್ತದೆ, ಇನ್ನೊಂದು ಬಾಯಿ ತೆರೆದೇ ಇರುತ್ತದೆ. ಚರ್ಮದ ನಟ್ಟನಡುವೆ ಸಣ್ಣ ತೂತು. ಆ ತೂತಿನಿಂದ ಒಂದು ನರ, ಅಂದರೆ ಪ್ರಾಣಿಯ ಕರುಳಿನಿಂದ ಹೊಸೆದ ತಂತಿ, ಪೊಳ್ಳಿನೊಳಗೆ ಹಾದು ತೆರೆದ ಬಾಯಿಯಿಂದ ಹೊರಗೆ ಬರುತ್ತದೆ. ಚರ್ಮದ ಹೊರಮಗ್ಗುಲಲ್ಲಿ ನರಕ್ಕೆ ಗಂಟು. ಎಳೆದಾಗ ಗಂಟು ಚರ್ಮವನ್ನು ಸೀಳಿಕೊಂಡು ಬರಬಾರದಲ್ಲ, ಅದಕ್ಕೆ ಗಂಟಿನಡಿ ಒಂದು ಚಿಕ್ಕ ಬಿಲ್ಲೆ. ಹೊರಬಂದ ತುದಿಗೆ ಮುಷ್ಟಿಯಲ್ಲಿ ಹಿಡಿತ ಸಿಗುವಂಥ ಒಂದು ಹಿಡಿಕೆ. ಇಷ್ಟೇ ಸಾಮಾನು. ವೀಣೆಗಿರುವ ಹಾಗೆ ಬಿರಡೆ ಇಲ್ಲ, ಮೆಟ್ಟಿಲಿಲ್ಲ, ಕುದುರೆ ಇಲ್ಲ. ತಂತಿ ಒಂದೇ.

ಬಿರಡೆ ಮಾಡಬೇಕಾದ ಕೆಲಸವನ್ನು, ಮೆಟ್ಟಿಲು ಮಾಡಬೇಕಾದ ಕೆಲಸವನ್ನು, ಎರಡನ್ನೂ ಇಲ್ಲಿ ನುಡಿಸುವವಳ ಎಡಗೈ ಮಾಡುತ್ತದೆ. ಕೊಳಗವನ್ನು ಎಡಗಂಕುಳಲ್ಲಿ ಅವುಚಿಕೊಂಡು ಅದೇ ಎಡಗೈಯನ್ನು ಮುಂದೆ ಚಾಚಿ ಹಿಡಿಕೆ ಹಿಡಿಯಬೇಕು. ಬಲಗೈಯಲ್ಲಿ ಸಣ್ಣ ಮರದ ಕಡ್ಡಿ, ಅದರಿಂದ ನರ ಮೀಟಬೇಕು. ಎಡಗೈ ಮುಂದಕ್ಕೆ ಜಗ್ಗಿದರೆ ನರ ಬಿಗಿಯಾಗಿ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಷಡ್ಜ ಇಲ್ಲಿ, ಪಂಚಮ ಅಲ್ಲಿ ಅಂತ ಎಲ್ಲೂ ಗುರುತು ಹಾಕಿಲ್ಲ. ಎಷ್ಟು ಜಗ್ಗಿದರೆ ಎಷ್ಟು ಏರುತ್ತದೆ ಅನ್ನುವುದು ಮಣಿಕಟ್ಟಿಗೆ ಗೊತ್ತಿರಬೇಕು, ಸರಿಯಾಯಿತೋ ಇಲ್ಲವೋ ಅಂತ ಕಿವಿ ಹೇಳಬೇಕು. ಅದೂ ಬರೀ ಕೂತು ನುಡಿಸುವುದಲ್ಲ. ನಡೆಯುತ್ತಾ, ಕಾಲಲ್ಲಿ ಗೆಜ್ಜೆ ಕಟ್ಟಿದ್ದರೆ ಕುಣಿಯುತ್ತಾ, ಓಣಿಯ ಆಚೆ ಮನೆಗೂ ಕೇಳುವಂತೆ ಎತ್ತಿದ ಕೊರಳಲ್ಲಿ ಹಾಡುತ್ತಾ ನುಡಿಸುವುದು. ಸಭಾಂಗಣದಲ್ಲಿ ಎರಡು ತಂಬೂರಿ ಹಿಂದಿಟ್ಟುಕೊಂಡು ಹಾಡುವವರಿಗೆ ನಾವು ಕೊಡುವ ಗೌರವದಲ್ಲಿ ಅರ್ಧವಾದರೂ ಇದಕ್ಕೆ ಸಲ್ಲಬೇಕು.

ಚೌಡಿಕೆ ಒಂಟಿಯಾಗಿ ಬರುವುದು ಕಡಿಮೆ. ಅದರ ಜೊತೆ ತುಂತುಣಿ ಇರುತ್ತದೆ. ಕೆಲವರು ಅದನ್ನು ಶ್ರುತಿ ಅಂತಲೇ ಕರೆಯುತ್ತಾರೆ. ಅದರದೂ ಇದೇ ಮೈಕಟ್ಟು: ಕೊಳಗ, ಚರ್ಮ, ಒಂಟಿ ತಂತಿ. ಆದರೆ ಕೊಳಗದ ಪಕ್ಕಕ್ಕೆ ಒಂದು ಉದ್ದ ಕೋಲು ಬಡಿದು, ತಂತಿಯನ್ನು ಕೋಲಿನ ತುದಿಯ ಬಿರಡೆಗೆ ಸುತ್ತಿರುತ್ತಾರೆ. ಹಾಗಾಗಿ ತುಂತುಣಿಯ ಸ್ವರ ಕೂತಲ್ಲೇ ಕೂರುತ್ತದೆ. ಚೌಡಿಕೆ ಅದರ ಸುತ್ತ ಏರುತ್ತಾ ಇಳಿಯುತ್ತಾ ಓಡಾಡುತ್ತದೆ. ಇವೆರಡರ ಮೇಲೆ ತಾಳದ ಕಿಣಿಕಿಣಿ. ಮೂರು ಜನ, ಮೂರು ವಾದ್ಯ, ಮೇಳ ಪೂರ್ತಿಯಾಯಿತು. ಒಬ್ಬಳು ತಲೆಯ ಮೇಲೆ ದೇವಿಯ ಮೂರ್ತಿ ಇಟ್ಟ ಜಗ ಹೊತ್ತಿದ್ದರೆ ನಾಲ್ಕು ಜನ.

ಮಳೆಗಾಲದಲ್ಲಿ ಈ ವಾದ್ಯದ ಪಾಡು ಬೇರೆ. ಥಂಡಿ ಹಿಡಿದ ಚರ್ಮ ಜೋತು ಬೀಳುತ್ತದೆ. ಆಗ ಎಡಗೈ ಎಷ್ಟು ಜಗ್ಗಿದರೂ ಸ್ವರ ಏರದು, ಬರೀ ಬೊದ್ದು ಸದ್ದು. ಒಲೆಯ ಮುಂದೆ ಹಿಡಿದು ಕಾಯಿಸಬೇಕು, ನಡುನಡುವೆ ಬೆರಳಿಂದ ತಟ್ಟಿ ನೋಡಬೇಕು. ಕಡಿಮೆ ಕಾದರೆ ದನಿ ಬರುವುದಿಲ್ಲ, ಹೆಚ್ಚು ಕಾದರೆ ಮೊದಲ ಜಗ್ಗಿಗೇ ತೂತಿನ ಸುತ್ತ ಚರ್ಮ ಬಿರಿಯುತ್ತದೆ. ಈಚೆಗೆ ಕರುಳಿನ ನರದ ಬದಲು ನೈಲಾನ್ ದಾರ ಬಂದಿದೆ. ಬಾಳಿಕೆ ಹೆಚ್ಚು, ಕೈಗೆ ಸಲೀಸು. ದನಿ ಮಾತ್ರ ಕೊಂಚ ಬೋಳು. ನರದಲ್ಲಿದ್ದ ಒರಟು ನೈಲಾನಿನಲ್ಲಿ ಇಲ್ಲ. ಹಾಗಂತ ದಿನಾ ಹತ್ತೂರು ತಿರುಗುವವಳಿಗೆ ನೈಲಾನ್ ಬೇಡ ಅನ್ನಲು ನಾನ್ಯಾರು.

ಇನ್ನು ಒಂದು ಹಳೆಯ ಜಗಳ ಹೇಳುತ್ತೇನೆ, ಪಂಡಿತರದು. ಇದು ಚರ್ಮವಾದ್ಯವೋ ತಂತಿವಾದ್ಯವೋ? ಲೋಕದ ವಾದ್ಯಗಳನ್ನೆಲ್ಲ ಜಾತಿವಾರು ವಿಂಗಡಿಸುವ ಒಂದು ಪಟ್ಟಿಯನ್ನು 1914ರಲ್ಲಿ ಹಾರ್ನ್‌ಬೋಸ್ಟೆಲ್ ಮತ್ತು ಕರ್ಟ್ ಸಾಕ್ಸ್ ಅನ್ನುವ ಇಬ್ಬರು ವಿದ್ವಾಂಸರು ಮಾಡಿದರು. ಇಂದಿಗೂ ವಸ್ತುಸಂಗ್ರಹಾಲಯಗಳು ಅದನ್ನೇ ಅನುಸರಿಸುತ್ತವೆ. ಅದರಲ್ಲಿ ಚೌಡಿಕೆಯಂಥ ಭಾರತದ ವಾದ್ಯಗಳನ್ನು ಎಲ್ಲಿಡಬೇಕೆಂದು ತೋಚದೆ, ಮೀಟುವ ಚರ್ಮವಾದ್ಯ ಅಂತ ಒಂದು ಬೇರೆ ಕೋಣೆಯನ್ನೇ ಕಟ್ಟಿದರು. ದನಿ ಕೊಡುವುದು ಚರ್ಮ, ತಂತಿ ಅದನ್ನು ಅಲುಗಾಡಿಸುವ ಸಾಧನ ಮಾತ್ರ ಅನ್ನುವುದು ಅವರ ತರ್ಕ. ಸುಮಾರು ಏಳು ದಶಕ ಯಾರೂ ಅದನ್ನು ಹೆಚ್ಚು ಕೆದಕಲಿಲ್ಲ. 1980ರ ದಶಕದ ಶುರುವಿನಲ್ಲಿ ಕೇಂಬ್ರಿಜ್‌ನ ಲಾರೆನ್ಸ್ ಪಿಕೆನ್ ಅನ್ನುವವರು ಬಂಗಾಳದ ಗೋಪಿಯಂತ್ರ, ಆನಂದಲಹರಿ ಎಂಬ ಇಂಥವೇ ವಾದ್ಯಗಳನ್ನು ಮುಂದಿಟ್ಟುಕೊಂಡು ಇದು ತಪ್ಪು ಅಂದರು. ಸ್ವರ ಯಾವುದೆಂದು ತೀರ್ಮಾನಿಸುವುದು ತಂತಿ, ಚರ್ಮ ಅದನ್ನು ಹೊರಗೆ ಹಾಕುತ್ತದೆ, ಆದ್ದರಿಂದ ಇವು ತಂತಿವಾದ್ಯಗಳೇ ಅನ್ನುವುದು ಅವರ ವಾದ.

ಇದರಲ್ಲಿ ಒಂದು ಚೆಂದದ ಸಂಗತಿ ಅಡಗಿದೆ. ಸಿತಾರಿನಲ್ಲಾಗಲಿ ವೀಣೆಯಲ್ಲಾಗಲಿ ತಂತಿ ಕುದುರೆಯ ಮೇಲೆ ಕೂತು ಅದನ್ನು ಒತ್ತಿ ಒತ್ತಿ ಅಲುಗಿಸುತ್ತದೆ. ಚೌಡಿಕೆಯಲ್ಲಿ ತಂತಿ ಚರ್ಮಕ್ಕೆ ನೇರವಾಗಿ ನಾಟಿದೆ, ಚರ್ಮವನ್ನು ತನ್ನ ಕಡೆಗೆ ಜಗ್ಗುತ್ತದೆ. ಗೂಟಕ್ಕೆ ಕಟ್ಟಿದ ಹಗ್ಗವನ್ನು ನಡುವೆ ಹಿಡಿದು ಎಡಕ್ಕೆ ಎಳೆದರೂ ಗೂಟ ಹಗ್ಗದ ಕಡೆಗೇ ವಾಲುತ್ತದೆ, ಬಲಕ್ಕೆ ಎಳೆದರೂ ಹಗ್ಗದ ಕಡೆಗೇ ವಾಲುತ್ತದೆ. ಹಾಗೆಯೇ ತಂತಿ ಒಂದು ಸಲ ಆಚೆ ಈಚೆ ತೂಗುವಷ್ಟರಲ್ಲಿ ಚರ್ಮ ಎರಡು ಸಲ ಜಗ್ಗಿಸಿಕೊಳ್ಳುತ್ತದೆ. ತಂತಿಯ ಕಂಪನ ಸೆಕೆಂಡಿಗೆ ನೂರಾದರೆ ಚರ್ಮದ್ದು ಇನ್ನೂರು. ಅಂದರೆ ನಮ್ಮ ಕಿವಿಗೆ ಬೀಳುವುದು ತಂತಿಯ ಸ್ವರವಲ್ಲ, ಅದರ ಮೇಲಿನ ಸ್ಥಾಯಿಯದು. ಅಷ್ಟು ಸಡಿಲವಾಗಿ ಕಾಣುವ ಒಂದು ದಾರದಿಂದ ಅಷ್ಟು ಎತ್ತರದ ದನಿ ಹೇಗೆ ಬರುತ್ತದೆ ಅನ್ನುವ ಪ್ರಶ್ನೆಗೆ ಉತ್ತರ ಇದರಲ್ಲಿದೆ. ಪಂಡಿತರು ಯಾವ ಕೋಣೆಯಲ್ಲಾದರೂ ಇಡಲಿ. ನುಡಿಸುವ ಜೋಗತಿಗೆ ಚರ್ಮ ಕಾಯಿಸುವುದೂ ಗೊತ್ತು, ನರ ಜಗ್ಗುವುದೂ ಗೊತ್ತು.

ಹೀಗೆ ಕೈಯಿಂದ ಜಗ್ಗಿ ಸ್ವರ ಏರಿಸುವ ವಾದ್ಯಗಳು ನಮ್ಮ ದೇಶದಲ್ಲಿ ಬೇರೆ ಕಡೆಯೂ ಇವೆ. ಬಂಗಾಳದ ಬಾವುಲರ ಖಮಕ್ ಹೆಚ್ಚುಕಡಿಮೆ ನಮ್ಮ ಚೌಡಿಕೆಯೇ. ರಾಜಸ್ಥಾನ, ಹರಿಯಾಣದ ಮೇವಾತದಲ್ಲಿ ಸೋರೆಬುರುಡೆಯಿಂದ ಮಾಡಿದ ಭಪಂಗ್ ಇದೆ. ಅದನ್ನು ನುಡಿಸುವ ಮೇವಾತಿ ಜೋಗಿಗಳು ಮುಸಲ್ಮಾನರು, ಹಾಡುವುದು ಶಿವನ ಕಥೆ, ಪಾಂಡವರ ಕಥೆ.    

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಹತ್ತಿರದ ನೆಂಟರು. ಮಹಾರಾಷ್ಟ್ರದಲ್ಲಿ ಇದೇ ವಾದ್ಯಕ್ಕೆ ಚೌಂಡಕಂ ಅನ್ನುತ್ತಾರೆ, ನಮ್ಮ ತುಂತುಣಿಗೆ ತುಂತುಣೆ. ತೆಲಂಗಾಣದಲ್ಲಿ ಜಮಿಡಿಕ. ಅದನ್ನು ನುಡಿಸುವ ಬೈಂಡ್ಲ ಕಲಾವಿದರು ಹೇಳುವ ದೊಡ್ಡ ಕಥೆ ಯಾವುದು ಬಲ್ಲಿರಾ? ರೇಣುಕಾ ಎಲ್ಲಮ್ಮನದೇ. ಮಾಹೂರಿನ ರೇಣುಕೆಯಿಂದ ಸವದತ್ತಿಯ ಎಲ್ಲಮ್ಮನವರೆಗೆ, ಅತ್ತ ತೆಲಂಗಾಣದ ಹಳ್ಳಿಗಳಿಂದ ಇತ್ತ ನಮ್ಮ ಜಿಲ್ಲೆಯ ಹುಲಿಗಿಯವರೆಗೆ, ಈ ತಾಯಿ ಎಲ್ಲಿದ್ದಾಳೋ ಅಲ್ಲೆಲ್ಲ ಕಂಕುಳಲ್ಲಿ ಹಿಡಿದು ನರ ಜಗ್ಗುವ ಒಂದು ವಾದ್ಯ ಇದೆ. ಕನ್ನಡ, ಮರಾಠಿ, ತೆಲುಗು ಮೂರು ಭಾಷೆ, ಮೂರು ಹೆಸರು, ಒಂದು ಕೈ. 1948ರವರೆಗೆ ನಮ್ಮ ಕೊಪ್ಪಳ, ಮರಾಠವಾಡ, ತೆಲಂಗಾಣ ಮೂರೂ ನಿಜಾಮನ ರಾಜ್ಯದಲ್ಲೇ ಇದ್ದವು. ಕಲಾವಿದರು, ಭಕ್ತರು ಓಡಾಡಲು ಗಡಿ ಅಡ್ಡ ಬರುತ್ತಿರಲಿಲ್ಲ. ಆದರೆ ಈ ದೇವಿಯ ಓಡಾಟ ನಿಜಾಮನಿಗಿಂತ ಹಳೆಯದು ಅನ್ನುವುದನ್ನು ಮರೆಯುವ ಹಾಗಿಲ್ಲ.

ವಾದ್ಯ ಹುಟ್ಟಿದ ಬಗೆಗೂ ಕಥೆ ಇದೆ. ಮರಾಠಿಯಲ್ಲಿ ದೇವಿಯ ಕಥೆ ಹಾಡುವ ಗೊಂಧಳಿಗಳು ಹೇಳುವುದು ಹೀಗೆ: ಪರಶುರಾಮ ಬೇಟಾಸುರ ಅನ್ನುವ ರಕ್ಕಸನನ್ನು ಕೊಂದು, ಅವನ ರುಂಡಕ್ಕೆ ಅವನದೇ ನರ ಬಿಗಿದು, ಮೀಟುತ್ತಾ ತಾಯಿ ರೇಣುಕೆಯ ಮುಂದೆ ಬಂದು ನಮಸ್ಕರಿಸಿದ. ಕಥೆ ಕೇಳಲು ಭೀಕರ. ಆದರೆ ಮಾಡಿದ ವಸ್ತುಗಳ ಪಟ್ಟಿ ನೋಡಿದರೆ ಪಕ್ಕಾ ಕಸುಬುದಾರನ ಲೆಕ್ಕ. ಪೊಳ್ಳು ಬೇಕು, ನರ ಬೇಕು, ಇನ್ನು ಅದಕ್ಕೊಂದು ಚರ್ಮ ಬೇಕು. ತಂದೆಯ ಮಾತಿಗೆ ತಾಯಿಯ ತಲೆ ಕಡಿದ ಮಗ ಅದೇ ತಾಯಿಗಾಗಿ ವಾದ್ಯ ಕಟ್ಟಿದ ಅನ್ನುವುದನ್ನು ಹಾಡುವವರು ಬಿಡಿಸಿ ಹೇಳುವುದಿಲ್ಲ. ಆ ಜಾಗದಲ್ಲಿ ಮಾತು ನಿಲ್ಲಿಸಿ ನುಡಿಸುತ್ತಾರೆ.

ಚೌಡಿಕೆ ಪದಗಳಲ್ಲಿ ಬರುವ ಎಲ್ಲಮ್ಮನ ಕಥೆ ನಿಮಗೆ ಗೊತ್ತಿರುವುದೇ. ಜಮದಗ್ನಿಯ ಹೆಂಡತಿ ದಿನಾ ಮಲಪ್ರಭೆಗೆ ಹೋಗಿ, ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬಿ ಸುತ್ತಿ, ನೀರು ತರುತ್ತಿದ್ದಳು. ಒಂದು ದಿನ ನೀರಾಟ ಕಂಡು ಮನಸ್ಸು ಅಲುಗಿತು, ಕೊಡ ಒಡೆಯಿತು, ಹಾವು ಹರಿದು ಹೋಯಿತು. ಆಮೇಲೆ ಗಂಡನ ಶಾಪ, ಮೈತುಂಬ ರೋಗ, ಕಾಡಿನ ಪಾಲು. ಎಕ್ಕಯ್ಯ ಜೋಗಯ್ಯ ಅನ್ನುವ ಇಬ್ಬರ ಆರೈಕೆಯಲ್ಲಿ, ಭಂಡಾರದ ಬಲದಲ್ಲಿ ಮೈ ಮರಳುತ್ತದೆ. ಪುರಾಣದಲ್ಲಿ ಇದು ಎರಡು ಮಾತಿನಲ್ಲಿ ಮುಗಿಯಬಹುದು. ಚೌಡಿಕೆಯವರು ರಾತ್ರಿಯಿಡೀ ಹೇಳಬಲ್ಲರು. ಕೊಡ ಹೊತ್ತು ನಡೆಯುವ ಭಾಗದಲ್ಲಿ ವಾದ್ಯದ ನಡಿಗೆ ಸಲೀಸು. ಕೊಡ ಒಡೆಯುವ ಕಡೆ ಎಡಗೈ ಥಟ್ಟನೆ ಸಡಿಲುತ್ತದೆ, ಸ್ವರ ಕುಸಿಯುತ್ತದೆ. ಅಲ್ಲಿ ಹಾಡುವವಳು ಏನೂ ವಿವರಿಸುವ ಅಗತ್ಯವೇ ಇಲ್ಲ. ನಡುನಡುವೆ ನಗೆಚಾಟಿಕೆಯೂ ಉಂಟು. ಮುಂದಿನವಳು ಒಂದು ಮಾತು ಎಸೆದರೆ ತುಂತುಣಿಯವಳು “ಹೌದವ್ವಾ, ಆಮ್ಯಾಲೆ?” ಅನ್ನಬೇಕು. ಆಕೆ ಅನ್ನದಿದ್ದರೆ ಚೌಡಿಕೆಯೇ ಏರುದನಿಯಲ್ಲಿ ಕೇಳಿಬಿಡುತ್ತದೆ. ಮನುಷ್ಯರ ಮಾತಿನ ಏರಿಳಿತ ಇದಕ್ಕೆ ಬರುವಷ್ಟು ಬೇರೆ ವಾದ್ಯಕ್ಕೆ ಬರದು. ಸ್ವರ ಮೆಟ್ಟಿಲು ಹತ್ತುವುದಿಲ್ಲ, ಜಾರುತ್ತದಲ್ಲ, ಅದಕ್ಕೆ.

ನಮ್ಮ ಜಿಲ್ಲೆಯಲ್ಲಿ ಚೌಡಿಕೆ ಕೇಳಬೇಕೆಂದರೆ ಹುಲಿಗಿಗೆ ಹೋಗಬೇಕು. ತುಂಗಭದ್ರೆಯ ದಂಡೆ, ಮುನಿರಾಬಾದಿನ ಅಣೆಕಟ್ಟಿನ ಹತ್ತಿರ. ಹುಣ್ಣಿಮೆಗೆ ಹುಲಿಗೆಮ್ಮನ ಸನ್ನಿಧಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. “ಉಧೋ ಉಧೋ” ಅನ್ನುವ ಕೂಗು, ಭಂಡಾರದ ಹಳದಿ, ಬೇವಿನ ಸೊಪ್ಪು. ಗುಡಿಯ ಒಳಗಿಗಿಂತ ಹೊರಗೆ, ಮೇಳಗಳು ಗುಂಪುಗುಂಪಾಗಿ ಕೂತಲ್ಲಿ ಸಂಗೀತ ಹೆಚ್ಚು. ಮಂಜಮ್ಮ ಜೋಗತಿ ಅವರಿಗೆ ಹದಿಹರೆಯದಲ್ಲಿ ದೀಕ್ಷೆಯಾದದ್ದು ಈ ಹುಲಿಗೆಮ್ಮನ ಸನ್ನಿಧಿಯಲ್ಲೇ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಲು ಹೊರಟವರಿಗೆ ಮನೆಯ ಬಾಗಿಲು ಮುಚ್ಚಿದಾಗ ಈ ಪಂಥದ ಬಾಗಿಲು ತೆರೆದಿತ್ತು. ಅವರು ಕಾಳವ್ವ ಜೋಗತಿಯವರ ಬಳಿ ಜೋಗತಿ ನೃತ್ಯ ಕಲಿತರು, ಮರಿಯಮ್ಮನಹಳ್ಳಿಯಲ್ಲಿ ನೆಲೆಸಿ ತಂಡ ಕಟ್ಟಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ರಾಷ್ಟ್ರಪತಿ ಭವನದಲ್ಲಿ ಅವರು ಸೆರಗಿನಿಂದ ರಾಷ್ಟ್ರಪತಿಯವರ ದೃಷ್ಟಿ ತೆಗೆದದ್ದನ್ನು ಇಡೀ ದೇಶ ನೋಡಿತು. ಅವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಅರುಣ್ ಜೋಳದಕೂಡ್ಲಿಗಿ ಅವರ ನಿರೂಪಣೆಯಲ್ಲಿ ಬಂದಿದೆ, ಓದದವರು ಓದಬೇಕು. ಪ್ರಶಸ್ತಿಯ ದಿನ ಟಿವಿಯಲ್ಲಿ ದೃಷ್ಟಿ ತೆಗೆದದ್ದನ್ನು ನೂರು ಸಲ ತೋರಿಸಿದರು. ಚೌಡಿಕೆಯನ್ನು ಎಷ್ಟು ಸಲ ಕೇಳಿಸಿದರು ಅಂತ ಕೇಳಬೇಡಿ.

ಈಗ ಕಷ್ಟದ ಮಾತಿಗೆ ಬರೋಣ. ಚೌಡಿಕೆ ಹಿಡಿದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ದಲಿತ ಕೇರಿಗಳವರು. ಚಿಕ್ಕ ವಯಸ್ಸಿನಲ್ಲಿ ಅವರನ್ನು ಕೇಳದೆಯೇ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಲಾಗಿತ್ತು. ಕೆಂಪು ಬಿಳಿ ಮಣಿಯ ಸರ ಕೊರಳಿಗೆ ಬಿದ್ದ ಮೇಲೆ ಮದುವೆ ಇಲ್ಲ. ಊರಿನ ಉಳ್ಳವರ ಕಣ್ಣು ಮಾತ್ರ ತಪ್ಪುತ್ತಿರಲಿಲ್ಲ. ಅದು ಭಕ್ತಿಯಾಗಿರಲಿಲ್ಲ, ಭಕ್ತಿಯ ಹೆಸರಿನ ಶೋಷಣೆಯಾಗಿತ್ತು. ಮುಂಬೈ ಪ್ರಾಂತ್ಯದಲ್ಲಿ 1934ರಲ್ಲಿ, ಮದ್ರಾಸಿನಲ್ಲಿ 1947ರಲ್ಲಿ ಇದರ ವಿರುದ್ಧ ಕಾಯ್ದೆ ಬಂತು. ಸವದತ್ತಿ ಮುಂಬೈಗೆ ಸೇರಿತ್ತು, ತುಂಗಭದ್ರೆಯಾಚೆಯ ಹೊಸಪೇಟೆ ಮದ್ರಾಸಿಗೆ. ಹೊಳೆಯ ಈಚೆ ದಂಡೆಯ ಹುಲಿಗಿ ನಿಜಾಮನದು, ಆ ಕಾಯ್ದೆಗಳಿಗೆ ಹೊಳೆ ದಾಟುವ ಅಧಿಕಾರವಿರಲಿಲ್ಲ. ಇಡೀ ಕರ್ನಾಟಕಕ್ಕೆ ಅನ್ವಯಿಸಿದ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಆದದ್ದು 1982ರಲ್ಲಿ. ಆ ಕಾಯ್ದೆಯಲ್ಲಿ ಮುತ್ತು ಕಟ್ಟಿದವರಿಗೆ ಮೂರು ವರ್ಷದವರೆಗೆ ಜೈಲು ಇತ್ತು. ಕಟ್ಟಿಸಿದ್ದು ತಂದೆತಾಯಿ ಅಥವಾ ಸಂಬಂಧಿಕರೇ ಆಗಿದ್ದರೆ ಐದು ವರ್ಷದವರೆಗೆ. ಸರ್ಕಾರ 1993-94ರಲ್ಲಿ ಮತ್ತು 2007-08ರಲ್ಲಿ ನಡೆಸಿದ ಎರಡು ಸಮೀಕ್ಷೆಗಳಿಂದ ಲೆಕ್ಕಕ್ಕೆ ಸಿಕ್ಕವರು 46,660 ಮಂದಿ. ನಮ್ಮ ಕೊಪ್ಪಳವೂ ಆ ಲೆಕ್ಕದಲ್ಲಿದೆ.

ಇದರ ನಂತರ ವಾದ್ಯದ ಗತಿ ಏನಾಯಿತು ಅನ್ನುವುದನ್ನು ಯಾವ ಸಮೀಕ್ಷೆಯೂ ಕೇಳಲಿಲ್ಲ. ಮುತ್ತು ಕಿತ್ತೆಸೆದ ಕೆಲವರು ಜೊತೆಗೆ ಚೌಡಿಕೆಯನ್ನೂ ಬಿಟ್ಟರು. ಅದನ್ನು ಕಂಡರೆ ಹಳೆಯದೆಲ್ಲ ಕಣ್ಣಿಗೆ ಬರುತ್ತದೆ ಅನ್ನುವವರ ಎದುರು ಜಾನಪದ ಉಳಿಸಿ ಅಂತ ಭಾಷಣ ಬಿಗಿಯುವುದು ಕ್ರೌರ್ಯ. ಅವರು ಬಿಟ್ಟದ್ದು ಅವರ ಹಕ್ಕು. ಇನ್ನು ಕೆಲವರು ಮಗಳಿಗೆ ಮುತ್ತು ಕಟ್ಟಿಸಲಿಲ್ಲ, ಆದರೆ ತಾವು ಹಾಡುವುದು ಬಿಡಲಿಲ್ಲ. ಮೂರನೆಯದೊಂದು ಗುಂಪಿದೆ, ಅವರೊಡನೆ ನನ್ನ ಜಗಳ. ಮುತ್ತು ಕಟ್ಟಿಸಿಕೊಳ್ಳದವರು ಚೌಡಿಕೆ ಮುಟ್ಟಬಾರದು, ಮುಟ್ಟಿದರೆ ಅವ್ವ ಮುನಿಯುತ್ತಾಳೆ ಅನ್ನುವವರು ಅವರು. ಈ ಮಾತಿನ ಅರ್ಥ ಎರಡರಲ್ಲೊಂದು. ಒಂದೋ ಪದ್ಧತಿ ಉಳಿಯಬೇಕು, ಇಲ್ಲವೇ ವಾದ್ಯ ಸಾಯಬೇಕು.

ಎರಡೂ ಬೇಕಿಲ್ಲ. ಆಗಲೇ ಹೇಳಿದೆನಲ್ಲ, ತೆಲಂಗಾಣದಲ್ಲಿ ಜಮಿಡಿಕ ನುಡಿಸುವ ಬೈಂಡ್ಲರು ವಂಶಪಾರಂಪರ್ಯವಾಗಿ ಕಥೆ ಹೇಳುವವರು, ಸಂಸಾರಸ್ಥರು. ಅವರು ಮುತ್ತು ಕಟ್ಟಿಸಿಕೊಂಡು ಕಲಿತವರಲ್ಲ. ಮಹಾರಾಷ್ಟ್ರದ ಗೊಂಧಳಿಗಳದ್ದೂ ಹಾಗೆಯೇ. ಅದೇ ತಾಯಿ, ಅದೇ ನರ, ಅದೇ ಜಗ್ಗು. ಅಲ್ಲಿ ಮುನಿಯದ ಎಲ್ಲಮ್ಮ ಕೃಷ್ಣೆ ದಾಟಿ ಇಲ್ಲಿ ಬಂದು ಮುನಿಯುತ್ತಾಳೆ ಅಂದರೆ ಅದು ಅವ್ವನ ಮಾತಲ್ಲ, ಊರ ಗೌಡರ ಮಾತು. ಕಾಯ್ದೆ ನಿಷೇಧಿಸಿದ್ದು ಸಮರ್ಪಣೆಯನ್ನು, ಸಂಗೀತವನ್ನಲ್ಲ. ಮುತ್ತಿನ ಗಂಟಿನಿಂದ ವಾದ್ಯವನ್ನು ಬಿಡಿಸಿ, ಕಲಿಯಲು ಇಷ್ಟಪಡುವ ಯಾವ ಮಗುವಿನ ಕೈಗಾದರೂ ಕೊಡಬಹುದು. ಕೊಡಬೇಕು. ಕಲಿಸುವವರು ಮಾತ್ರ ಇವತ್ತು ನುಡಿಸುತ್ತಿರುವ ಜೋಗತಿಯರು, ಮಂಜಮ್ಮನವರಂತೆ ಗಂಡಾಗಿ ಹುಟ್ಟಿ ಈ ಪಂಥಕ್ಕೆ ಬಂದ ಜೋಗಪ್ಪಗಳೇ ಆಗಿರಬೇಕು, ಕಲಿಸಿದ್ದಕ್ಕೆ ಮೇಷ್ಟ್ರಿಗೆ ಕೊಡುವ ಸಂಬಳ ಕೊಡಬೇಕು. ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಇದೆ, ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ. ಅಲ್ಲಿ ಚೌಡಿಕೆಯ ಬಗ್ಗೆ ಪ್ರಬಂಧ ಬರೆದರೆ ಪದವಿ ಬರುತ್ತದೆ. ಚೌಡಿಕೆ ನುಡಿಸಲು ಕಲಿಸುವವಳಿಗೂ ಅದೇ ಕಾರಿಡಾರಿನಲ್ಲಿ ಒಂದು ಕೋಣೆ, ಒಂದು ಕುರ್ಚಿ ಸಿಗಲಿ.

ವೇದಿಕೆಗೆ ಬಂದ ಚೌಡಿಕೆಯ ಬಗ್ಗೆಯೂ ಒಂದೆರಡು ಮಾತು. ಕರ್ನಾಟಕ ಸಂಗೀತದ ಟಿ. ಎಂ. ಕೃಷ್ಣ ಅವರು ಜೋಗಪ್ಪಗಳ ಜೊತೆ ಒಂದೇ ವೇದಿಕೆಯಲ್ಲಿ ಕೂತು ಹಾಡಿದರು. ಬೆಂಗಳೂರು, ಚೆನ್ನೈನ ಶ್ರೋತೃಗಳು ಕೇಳಿದರು. ಒಳ್ಳೆಯದೇ. ಉತ್ಸವಗಳಲ್ಲಿ ಮಾತ್ರ ಬೇರೆಯೇ ಪಾಡು. ನಿರೂಪಕರು ಹೆಸರು ಕೂಗುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ರಾತ್ರಿಯಿಡೀ ಹೇಳುವ ಕಥೆಗೆ ಐದು ನಿಮಿಷ. ಐದು ನಿಮಿಷದಲ್ಲಿ ಏನು ಮಾಡಬೇಕು? ತಲೆಯ ಮೇಲೆ ಕೊಡ ಇಟ್ಟು ಕುಣಿದು ತೋರಿಸಬೇಕು, ಜನ ಚಪ್ಪಾಳೆ ತಟ್ಟುತ್ತಾರೆ. ಕಣ್ಣಿಗೆ ಕಾಣುವುದು ಮುಂದೆ ಬಂತು, ಕಿವಿಗೆ ಕೇಳುವುದು ಹಿಂದೆ ಸರಿಯಿತು. ಮೈಕಿನವರೂ ಕೊಳಗದ ಚರ್ಮದ ಬಾಯಿಗೆ ಮೈಕು ಹಿಡಿಯುತ್ತಾರೆ, ಅದು ಡೋಲು ಅಂದುಕೊಂಡು. ಆಗ ಬರೀ ಧಮ್ ಧಮ್ ಕೇಳುತ್ತದೆ, ಜಾರುವ ಸ್ವರ ಸತ್ತೇ ಹೋಗುತ್ತದೆ. ತೆರೆದ ಬಾಯಿಯ ಕಡೆ, ಒಂದು ಮೊಳ ದೂರದಲ್ಲಿ, ಎಡಗೈಗೆ ಎದುರಾಗಿ ಹಿಡಿದರೆ ನರವೂ ಕೇಳುತ್ತದೆ, ಚರ್ಮವೂ ಕೇಳುತ್ತದೆ. ಧ್ವನಿಮುದ್ರಣ ಮಾಡುವವರು, ಈಗ ಮೊಬೈಲಿನಲ್ಲಿ ಎಲ್ಲರೂ ಮಾಡುವವರೇ, ಇದನ್ನು ಗಮನದಲ್ಲಿಡಬೇಕು.

ಮೊಬೈಲಿನ ಮಾತು ಬಂದದ್ದಕ್ಕೆ ಇನ್ನೊಂದು. ಹುಲಿಗಿಯಲ್ಲಿ ಹುಣ್ಣಿಮೆಯ ದಿನ ಮೇಳದ ಮುಂದೆ ಮೊಬೈಲು ಚಾಚಿ, ಅರ್ಧ ನಿಮಿಷ ತೆಗೆದುಕೊಂಡು, ಹತ್ತು ರೂಪಾಯಿ ಅವರ ಪಡ್ಡಲಗಿ ಬುಟ್ಟಿಗೆ ಹಾಕಿ ಎದ್ದು ಹೋಗುವವರು ಬಹಳ. ಕೂರಿ. ಕೊಡ ಒಡೆಯುವ ಭಾಗ ಹಾಡಿ ಅಂತ ಕೇಳಿ. ಕಥೆಯ ಯಾವ ಭಾಗ ಬೇಕೆಂದು ಕೇಳುವವರು ಸಿಕ್ಕರೆ ಹಾಡುವವರ ಮುಖ ಹೇಗಾಗುತ್ತದೆ ಅನ್ನುವುದನ್ನು ನೀವೇ ನೋಡುತ್ತೀರಿ. ಹಾಡಿದ ಮೇಲೆ ವಾದ್ಯ ಯಾರು ಮಾಡಿಕೊಟ್ಟರು, ಚರ್ಮ ಯಾರು ಬಿಗಿದರು ಅಂತಲೂ ಕೇಳಿ. ಬಡಿಗರೂ ಚರ್ಮ ಬಿಗಿಯುವವರೂ ನಮ್ಮ ಪಕ್ಕದ ಊರುಗಳಲ್ಲೇ ಇದ್ದಾರೆ, ಅವರನ್ನು ಹೆಸರಿಸುವವರಿಲ್ಲ. ನಮ್ಮ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಅಷ್ಟು ತಡವಾಗಿ ಗುರುತಿಸುವ ಅಭ್ಯಾಸ ಚೌಡಿಕೆಯವರ ವಿಷಯದಲ್ಲಾದರೂ ಬೇಡ.

ನನ್ನ ಮಾತಿನ ಬೆನ್ನಿಗೆ ಒಂದು ಚೌಡಿಕೆ ಪದ ಬಿತ್ತರವಾಗುತ್ತದೆ. ಮೊದಲು ತಾಳ ಕೇಳುತ್ತದೆ, ಅದರಡಿಯಲ್ಲಿ ಒಂದೇ ಸ್ವರದಲ್ಲಿ ತುಂತುಣಿ. ಎರಡನೆಯ ಸಾಲಿನಿಂದ ಚೌಡಿಕೆ ಸೇರುತ್ತದೆ. ಸಾಹಿತ್ಯಕ್ಕೆ ಕಿವಿಗೊಡುವುದು ಸಹಜ, ಕೊಡಿ. ಆದರೆ ಪ್ರತಿ ಸಾಲು ಮುಗಿದು ಹಾಡುವವಳು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಎಡಗೈ ಏನು ಮಾಡುತ್ತದೆ ಅನ್ನುವುದನ್ನೂ ಒಂದಿಷ್ಟು ಕೇಳಿಸಿಕೊಳ್ಳಿ.